ಸೆಕ್ಟರುಗಳ ಸ್ಥಳಪುರಾಣ

ಬಾಗಲಕೋಟೆ ಜಿಲ್ಲೆಯಲ್ಲಿ ಪುರಾಣವಿಲ್ಲದ ಊರು ಸಿಗುವುದು ಕಷ್ಟ. ಬಾದಾಮಿಯಲ್ಲಿ ಅಗಸ್ತ್ಯರು ವಾತಾಪಿಯನ್ನು ಜೀರ್ಣಿಸಿಕೊಂಡರು, ಐಹೊಳೆಯಲ್ಲಿ ಪರಶುರಾಮನು ರಕ್ತ ಮೆತ್ತಿದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನು, ಹಳೆಯ ಬಾಗಲಕೋಟೆಯನ್ನಂತೂ ಲಂಕೆಯ ರಾವಣನೇ ತನ್ನ ಬಾಜಂತ್ರಿಯವರಿಗೆ ಉಂಬಳಿಯಾಗಿ ಕೊಟ್ಟನೆಂಬ ಐತಿಹ್ಯವಿದೆ. ಇಂತಹ ನೆರೆಹೊರೆಯ ನಡುವೆ, ಜಿಲ್ಲಾಡಳಿತ ಭವನದಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಸರ್ಕಾರದ ಸಕಲ ಅಂಗಾಂಗಗಳನ್ನೂ ತನ್ನೊಳಗೆ ಇರಿಸಿಕೊಂಡಿರುವ ನವನಗರವೊಂದೇ, ಅಂದರೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಏಳಬೇಕಾದ ಬಾಗಲಕೋಟೆಯವರಿಗೆಂದು ಕಟ್ಟಿದ ಹೊಸ ಊರೊಂದೇ, ಪುರಾಣವಿಲ್ಲದೆ ನಿಂತಿದೆ. ಅದಕ್ಕೆ ಇರುವುದು ಕಡತ ಮಾತ್ರ. ಆದರೆ ಆ ಕಡತವನ್ನು ಸಾವಧಾನದಿಂದ ಓದಿದವರಿಗೆ, ಅದು ಅಗಸ್ತ್ಯರ ಕಥೆಗಿಂತ ಹೆಚ್ಚು ನಂಬಲಸಾಧ್ಯವಾದದ್ದೆಂದು ತಿಳಿಯುತ್ತದೆ.

ರಾವಣನ ಬಗ್ಗೆ ಮೊದಲು ಒಂದು ಮಾತು ಹೇಳಬೇಕು. ಅವನಿಗೆ ಹತ್ತು ತಲೆಗಳಿದ್ದರೂ ದಾನ ಕೊಡುವಾಗ ಅವನು ಒಂದೇ ಬಾಯಿಂದ ಮಾತನಾಡಿದನೆಂದು ತೋರುತ್ತದೆ. ಬಾಜಂತ್ರಿಯವರು ಊರನ್ನು ಪಡೆದು ಡೋಲು ಬಾರಿಸುತ್ತ ಒಕ್ಕಲಾದರು. ನವನಗರವನ್ನು ಕೊಟ್ಟ ಸರ್ಕಾರಕ್ಕೆ ತಲೆ ಒಂದೇ, ಬಾಯಿ ಹತ್ತು. ಕಂದಾಯ ಇಲಾಖೆಯ ಬಾಯಿ, ನೀರಾವರಿಯ ಬಾಯಿ, 1994ರಲ್ಲಿ ಹುಟ್ಟಿದ ಕೃಷ್ಣಾ ಭಾಗ್ಯ ಜಲ ನಿಗಮದ ಬಾಯಿ, ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಬಾಯಿ, ಪುನರ್ವಸತಿ ಆಯುಕ್ತರ ಬಾಯಿ, ವಿಶೇಷ ಭೂಸ್ವಾಧೀನಾಧಿಕಾರಿಗಳ ಬಾಯಿ, ಅವರೆಲ್ಲರ ಮೇಲೆ ನ್ಯಾಯಮಂಡಳಿಯ ಬಾಯಿ. ಒಂದು ಬಾಯಿ ‘ಹೊರಡು’ ಎನ್ನುವ ಹೊತ್ತಿಗೆ ಮತ್ತೊಂದು ‘ತಾಳು’ ಎನ್ನುತ್ತದೆ, ಮೂರನೆಯದು ‘ದಾಖಲೆ ತಾ’ ಎನ್ನುತ್ತದೆ. ಈ ಬಾಯಿಗಳ ನಡುವೆ ಸಿಕ್ಕಿಕೊಂಡ ಒಂದು ಪೇಟೆಯೂರು ಅರ್ಧ ಏಳುತ್ತ, ಅರ್ಧ ಕೂಡುತ್ತ ಕಳೆದ ಕಾಲವೇ ನವನಗರದ ಚರಿತ್ರೆ.

ಪುರಾಣಕ್ಕೆ ಉತ್ಪತ್ತಿ ಕಾಂಡ ಬೇಕು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಗೆ ಅಡ್ಡಲಾಗಿ ಅಡಿಗಲ್ಲು ಇಟ್ಟರು. ಆಗ ಅವರು ಕೇಂದ್ರ ಸಚಿವರು. ಐದು ದಿನಗಳ ನಂತರ ನೆಹರೂ ತೀರಿಕೊಂಡರು, ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಯಾದರು, ಹತ್ತೊಂಬತ್ತು ತಿಂಗಳಾದ ಮೇಲೆ ಅವರೂ ಹೋದರು. ಅಡಿಗಲ್ಲು ಮಾತ್ರ ಅಲ್ಲಿಯೇ ಇತ್ತು. ಅಣೆಕಟ್ಟು ಪೂರ್ಣವಾಗಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವಿನ ನಲವತ್ತೆರಡು ವರ್ಷಗಳಲ್ಲಿ ಬಾಗಲಕೋಟೆಯಲ್ಲಿ ಎರಡು ತಲೆಮಾರಿನವರು ‘ಇವತ್ತೊ ನಾಳೆಯೊ ಮುಳುಗುವ ಮನೆ’ಗೆ ಸುಣ್ಣ ಬಳಿಯುವುದೊ ಬೇಡವೊ ಎಂಬ ಯೋಚನೆಯಲ್ಲೇ ಹಬ್ಬಗಳನ್ನು ಮಾಡಿ ಮುಗಿಸಿದರು. ತೊಲೆ ಹುಳ ಹಿಡಿದರೆ ‘ಹೆಂಗಿದ್ರೂ ಮುಳುಗೂದೈತಿ’ ಎಂದು ಬಿಟ್ಟವರುಂಟು. ಪರಿಹಾರದ ಅಂದಾಜು ಮಾಡಲು ಬರುವ ಎಂಜಿನಿಯರು ಹುಳ ಹಿಡಿದ ತೊಲೆಗೆ ಕಡಿಮೆ ಬೆಲೆ ಕಟ್ಟುತ್ತಾನೆಂದು ತಿಳಿದ ಮೇಲೆ, ಮುಳುಗುವ ಮನೆಗೆ ಸಾಗುವಾನಿ ತೊಲೆ ಹಾಕಿಸಿದ ಜಾಣರೂ ಉಂಟು.

ಮುಳುಗುವುದು ಎಂದರೆ ಸಾಮಾನ್ಯರಿಗೆ ಒಮ್ಮೆ ನಡೆಯುವ ಕೆಲಸ. ಕಲ್ಲು ಮುಳುಗುತ್ತದೆ, ದೋಣಿ ಮುಳುಗುತ್ತದೆ, ಅಲ್ಲಿಗೆ ಮುಗಿಯಿತು. ಊರನ್ನು ಕಂತಿನಲ್ಲಿ ಮುಳುಗಿಸುವ ವಿದ್ಯೆಯನ್ನು ಕಂಡುಹಿಡಿದ ಕೀರ್ತಿ ನಮ್ಮ ವ್ಯವಸ್ಥೆಗೆ ಸಲ್ಲಬೇಕು. ಬಾಗಲಕೋಟೆಯ ಪೇಟೆ, ಓಣಿ, ಕಿಲ್ಲಾಗಳ ಮೇಲೆ ಕಣ್ಣಿಗೆ ಕಾಣದ ಮೂರು ಗೆರೆಗಳನ್ನು ಎಳೆಯಲಾಯಿತು: ಸಮುದ್ರಮಟ್ಟದಿಂದ 521 ಮೀಟರು, 523 ಮೀಟರು, 525 ಮೀಟರು. ಮೊದಲ ಗೆರೆಯ ಕೆಳಗಿನವರು ಮೊದಲು ಏಳಬೇಕು, ಎರಡನೆಯವರು ಆಮೇಲೆ, ಮೂರನೆಯವರು ಯಾವಾಗಲೋ. ಕೆಲವು ಓಣಿಗಳಲ್ಲಿ ಗೆರೆ ಬೀದಿಯ ನಡುವೆ ಹಾದುಹೋಯಿತು. ಎಡಗಡೆಯ ಮನೆಯವರು ಸಂತ್ರಸ್ತರಾದರು, ಬಲಗಡೆಯವರು ಅವರನ್ನು ನೋಡಿ ಮರುಗುವ ಕೆಲಸಕ್ಕೆ ನೇಮಕವಾದರು. ಪರಿಹಾರದ ಚೆಕ್ಕು ಬಂದ ದಿನ ಮರುಗುವವರ ಮುಖದಲ್ಲಿ ಬೇರೆಯೇ ಭಾವವಿತ್ತು. ಅಣ್ಣನ ಪಾಲಿನ ಪಡಸಾಲೆ ಮುಳುಗಿ ತಮ್ಮನ ಪಾಲಿನ ಅಡಿಗೆಮನೆ ಉಳಿಯಬಹುದಾದ ಈ ಭೂಗೋಳದಿಂದಾಗಿ ಒಂದು ವಿಚಿತ್ರ ಪಾಂಡಿತ್ಯ ಬೆಳೆಯಿತು. ಕಾರವಾರದ ಕಡಲ ಮಗ್ಗುಲಲ್ಲಿ ಹುಟ್ಟಿ ಬೆಳೆದವನಿಗೆ ತನ್ನ ಮನೆಯ ಹೊಸ್ತಿಲು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೆಂದು ಗೊತ್ತಿರಲಾರದು. ಸಮುದ್ರವನ್ನೇ ನೋಡದ ಬಾಗಲಕೋಟೆಯ ಮುದುಕಿ ಅದನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಹೇಳುತ್ತಾಳೆ.

ಎಬ್ಬಿಸಿದವರನ್ನು ಕೂಡಿಸಲು ಜಾಗ ಬೇಕಲ್ಲ, ಅದಕ್ಕಾಗಿ ನವನಗರ. ಇಲ್ಲಿ ಸರ್ಕಾರದ ಅಭಿರುಚಿಯನ್ನು ಮೆಚ್ಚಲೇಬೇಕು. ನಕಾಶೆ ಬರೆಯಲು ಅದು ಯಾರೋ ಕಂತ್ರಾಟುದಾರನನ್ನು ಕರೆಯಲಿಲ್ಲ, ನವಿ ಮುಂಬಯಿಯ ಯೋಜನೆಯಲ್ಲಿ ದುಡಿದಿದ್ದ ಚಾರ್ಲ್ಸ್ ಕೊರಿಯಾ ಅವರನ್ನೇ 1980ರ ದಶಕದಲ್ಲಿ ಕರೆಸಿತು. ಬಿಸಿಲಿನ ನಾಡಿನಲ್ಲಿ ಮನೆಯೆಂದರೆ ನಾಲ್ಕು ಗೋಡೆ, ಒಂದು ಸೂರು ಎಂದಷ್ಟೇ ತಿಳಿಯಬಾರದು, ತೆರೆದ ಆಕಾಶದ ಕೆಳಗಿನ ಅಂಗಳ, ಕಟ್ಟೆ, ಜಗಲಿಗಳೂ ಮನೆಯೇ ಎಂದು ಜೀವನವಿಡೀ ಹೇಳಿದ ವಾಸ್ತುಶಿಲ್ಪಿ ಅವರು. ಬಡವನಿಗೆ ಮೊದಲು ಒಂದು ನಿವೇಶನ ಮತ್ತು ಒಂದು ಕೋಣೆ ಸಿಕ್ಕರೆ, ಸಂಸಾರ ಬೆಳೆದಂತೆ ಅವನೇ ಮನೆಯನ್ನು ಬೆಳೆಸಿಕೊಳ್ಳುತ್ತಾನೆ ಎಂಬುದು ಅವರ ಇನ್ನೊಂದು ನಂಬಿಕೆ. ಎರಡೂ ಮಾತು ಹಳೆಯ ಬಾಗಲಕೋಟೆಯವರಿಗೆ ಹೊಸದಲ್ಲ. ಮಾಳಿಗೆಯ ಮೇಲೆ ಹಾಸಿಗೆ ಹಾಸಿ, ಕಟ್ಟೆಯ ಮೇಲೆ ಊರಿನ ನ್ಯಾಯ ಮುಗಿಸಿ ಅವರು ಶತಮಾನಗಳನ್ನೇ ಕಳೆದಿದ್ದರು.

ಆದರೆ ನಕಾಶೆ ಕೊರಿಯಾ ಅವರದ್ದಾದರೂ ನಿವೇಶನ ನಮ್ಮದು. ಕಟ್ಟೆಗೆಂದು ಬಿಡಬೇಕಾದ ಜಾಗದಲ್ಲಿ ನಾವು ಆಳೆತ್ತರದ ಕಂಪೌಂಡು ಕಟ್ಟಿದೆವು, ಅಂಗಳದ ಮೇಲೆ ಸ್ಲ್ಯಾಬು ಹೊದಿಸಿದೆವು, ಸ್ಲ್ಯಾಬಿನ ಮೇಲೆ ತಗಡಿನ ಶೆಡ್ಡು ನಿಲ್ಲಿಸಿ ಅದನ್ನು ಬಾಡಿಗೆಗೆ ಕೊಟ್ಟೆವು. ಉಳಿದ ಆಕಾಶವೆಲ್ಲ ರಸ್ತೆಯ ಪಾಲಾಯಿತು. ನವನಗರದ ರಸ್ತೆಗಳ ಅಗಲವನ್ನು ಕಂಡು ಬೇರೆ ಊರಿನವರು ಹೊಟ್ಟೆಕಿಚ್ಚುಪಡುತ್ತಾರೆ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಉಷ್ಣಾಂಶ ನಲವತ್ತು ದಾಟಿರುವಾಗ, ಆ ಅಗಲವನ್ನು ಈ ಬದಿಯಿಂದ ಆ ಬದಿಗೆ ಕಾಲ್ನಡಿಗೆಯಲ್ಲಿ ದಾಟಿದವರ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಹಳೆಯ ಊರಿನ ಓಣಿಗಳು ಕಿರಿದಾಗಿದ್ದವು, ಕೊಳಕಾಗಿದ್ದವು, ಎದುರಿನಿಂದ ಎತ್ತಿನ ಬಂಡಿ ಬಂದರೆ ಗೋಡೆಗೆ ಅಂಟಿಕೊಳ್ಳಬೇಕಾಗುತ್ತಿತ್ತು ಎಂಬುದೆಲ್ಲ ನಿಜ. ಆದರೆ ಎದುರಿನ ಮನೆಯ ನೆರಳು ನಮ್ಮ ಬಾಗಿಲಿಗೆ ಬೀಳುತ್ತಿತ್ತು. ನೆರಳಿಗೆ ಪರಿಹಾರ ಕೊಡುವ ಕಲಮು ಭೂಸ್ವಾಧೀನ ಕಾಯ್ದೆಯಲ್ಲಿ ಇರಲಿಲ್ಲ.

ಹೆಸರಿಡುವ ವಿಷಯದಲ್ಲಿ ಸರ್ಕಾರ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ಊರಿನಲ್ಲಿ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳಿದ್ದವು. ಹೋಳಿ ಬಂದರೆ ಪೇಟೆಪೇಟೆಯವರು ತುರಾಯಿ ಹಲಗೆ ಹಿಡಿದು, ಬಂಡಿಗಳಲ್ಲಿ ಬಣ್ಣದ ಬ್ಯಾರೆಲ್ಲು ಹೇರಿಕೊಂಡು, ತಮ್ಮ ಪೇಟೆಯ ಮಾನ ಕಾಪಾಡಲು ಬೀದಿಗಿಳಿಯುತ್ತಿದ್ದರು. ಕಲ್ಕತ್ತೆಯನ್ನು ಬಿಟ್ಟರೆ ಬಾಗಲಕೋಟೆಯ ಹೋಳಿಯೇ ಹೋಳಿ ಎಂದು ಊರವರು ಇವತ್ತಿಗೂ ಹೇಳುತ್ತಾರೆ, ಕಲ್ಕತ್ತೆಯವರು ಏನು ಹೇಳುತ್ತಾರೆಂದು ವಿಚಾರಿಸುವ ಗೋಜಿಗೆ ಹೋಗದೆ. ನವನಗರದಲ್ಲಿ ಯುನಿಟ್‌ಗಳಿವೆ, ಯುನಿಟ್ಟಿನೊಳಗೆ ಸೆಕ್ಟರುಗಳಿವೆ, ಸೆಕ್ಟರಿನೊಳಗೆ ನಿವೇಶನ ಸಂಖ್ಯೆಗಳಿವೆ. ಪೇಟೆಯ ಮಾನಕ್ಕಾಗಿ ಹಲಗೆ ಬಾರಿಸಬಹುದು. ಸೆಕ್ಟರ್ ನಂಬರಿನ ಮಾನಕ್ಕಾಗಿ ಬಾರಿಸಲು ತೋಳು ಏಳುವುದಿಲ್ಲ. ದಾರಿ ಕೇಳಿದವನಿಗೆ ಸಂಖ್ಯೆ ಹೇಳಿ ಪ್ರಯೋಜನವೂ ಇಲ್ಲ. ಜಿಲ್ಲಾ ಆಸ್ಪತ್ರೆಯ ಎದುರು, ಕಲಾಭವನದ ಹಿಂದೆ, ಎಲ್‌ಐಸಿ ಸರ್ಕಲ್‌ನಿಂದ ಎಡಕ್ಕೆ ಎಂದು ಹೇಳಿದರೆ ಮಾತ್ರ ಟಂಟಂ ಅಲ್ಲಾಡುತ್ತದೆ. ಸಂಖ್ಯೆಯ ಲಾಭ ಒಂದೇ: ಅರ್ಜಿಯ ಕಾಲಮಿನಲ್ಲಿ ಅದು ಸರಿಯಾಗಿ ಕೂಡುತ್ತದೆ. ನಗರವನ್ನು ಕಟ್ಟಿದ್ದು ಅರ್ಜಿಯ ಕಾಲಮಿಗಾಗಿಯೇ ಇರಬಹುದೆಂಬ ಗುಮಾನಿ ನನಗೆ ಬಹಳ ದಿನಗಳಿಂದ ಇದೆ.

ಈ ಗುಮಾನಿಗೆ 1997 ಬಲ ಕೊಟ್ಟಿತು. ಆ ವರ್ಷ ವಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆಯನ್ನು ಮಾಡಿದರು. ಹೊಸ ಜಿಲ್ಲೆಗೆ ಕಚೇರಿಗಳು ಬೇಕು, ಕಚೇರಿಗಳಿಗೆ ನೆಲ ಬೇಕು, ನೆಲ ಇದ್ದದ್ದು ನವನಗರದಲ್ಲಿ. ನೀರಿಗೆ ಹೆದರಿ ಬಂದ ಸಂತ್ರಸ್ತನು ಪೆಟ್ಟಿಗೆ ಇಳಿಸಿ ತಿರುಗಿ ನೋಡುವಷ್ಟರಲ್ಲಿ ಸುತ್ತಲೂ ಸರ್ಕಾರವೇ ಒಕ್ಕಲಾಗಿತ್ತು. ಇಂದು ಹಳೆಯ ಬಾಗಲಕೋಟೆಯ ವ್ಯಾಪಾರಿ ಉತಾರೆಗೆ, ಸಹಿಗೆ, ಮುದ್ರೆಗೆ ನವನಗರಕ್ಕೆ ಬರುತ್ತಾನೆ. ನವನಗರದ ಗುಮಾಸ್ತ ಸೀರೆಗೆ, ಭಾಂಡೆಗೆ, ಬಂಗಾರಕ್ಕೆ ಹಳೆಯ ಊರಿಗೆ ಹೋಗುತ್ತಾನೆ. ಇಬ್ಬರೂ ದಾರಿಯ ಮಧ್ಯೆ ವಿದ್ಯಾಗಿರಿಯಲ್ಲಿ ಎದುರುಬದುರಾಗುತ್ತಾರೆ. ಒಂದು ಊರಿನ ಕೊರಳನ್ನು ಒಂದು ಕಡೆ, ಹೊಟ್ಟೆಯನ್ನು ಇನ್ನೊಂದು ಕಡೆ ಇಟ್ಟು, ನಡುವೆ ನಾಲ್ಕೈದು ಕಿಲೋಮೀಟರು ಡಾಂಬರು ಹಾಕಿ, ಇದಕ್ಕೆ ಪುನರ್ವಸತಿ ಎಂದು ಕರೆಯಲಾಯಿತು.

ಹಾಗಾದರೆ ಹಳೆಯ ಊರು ಇನ್ನೂ ಇದೆಯೇ ಎಂದು ಪರಊರಿನ ಓದುಗರು ಕೇಳಬಹುದು. ಇದೆ, ಮತ್ತು ಪುರಾಣದ ಅದ್ಭುತ ರಸವಿರುವುದೇ ಇಲ್ಲಿ. ಪತ್ರಿಕೆಗಳು ವರ್ಷವಿಡೀ ‘ಮುಳುಗಡೆ ನಗರಿ’ ಎಂದು ಬರೆಯುವ ಬಾಗಲಕೋಟೆಯ ದೊಡ್ಡ ಭಾಗ ಇಂದಿಗೂ ಒಣಗಿಯೇ ಇದೆ. ವ್ಯಾಪಾರ ನಡೆಯುತ್ತಿದೆ, ಜಾತ್ರೆ ನಡೆಯುತ್ತಿದೆ, ಬೆಳಿಗ್ಗೆ ಮಂಡಕ್ಕಿ–ಮಿರ್ಚಿಯ ಬುಟ್ಟಿಗಳು ಹೊರಡುತ್ತಿವೆ. ಕೆಳಗಿನ ಭಾಗಕ್ಕೆ ಘಟಪ್ರಭೆಯ ಹಿನ್ನೀರು ಬಂದದ್ದು ಸತ್ಯ, ಅಲ್ಲಿದ್ದವರು ಕಳೆದುಕೊಂಡದ್ದು ಸತ್ಯ, ಆ ದುಃಖದ ಬಗ್ಗೆ ನಗುವ ಅಧಿಕಾರ ಯಾರಿಗೂ ಇಲ್ಲ. ನಗು ಬರುವುದು ಮೂರನೆಯ ಗೆರೆಯ ವಿಷಯದಲ್ಲಿ. 523 ಮತ್ತು 525ರ ನಡುವಿನ ಮನೆಗಳಿಗೆ ನೀರು ಬಂದಿಲ್ಲ, ಆದರೆ ಬರಲಿದೆ. ಯಾವಾಗ ಬರಲಿದೆಯೆಂದು ಗೊತ್ತಿಲ್ಲ, ಆದರೆ ಬರುವುದು ಖಚಿತ. ಆದ್ದರಿಂದ ಅಲ್ಲಿ ಹೊಸ ಮನೆ ಕಟ್ಟುವುದು ಬುದ್ಧಿವಂತಿಕೆಯಲ್ಲ, ಹಳೆಯ ಮನೆ ಬಿಡುವುದು ಲಾಭವಲ್ಲ, ಮಾರೋಣವೆಂದರೆ ಕೊಳ್ಳುವವನು ನೀರಿನ ಬೆಲೆ ಕೇಳುತ್ತಾನೆ, ಸಾಲ ಕೇಳಿದರೆ ಬ್ಯಾಂಕು ‘ಮುಳುಗುವ ಆಸ್ತಿ’ ಎಂದು ಮೂಗು ಮುರಿಯುತ್ತದೆ. ನೀರು ಪೂರ್ತಿ ಏರಿದರೆ ಉಳಿದ ಭಾಗವೂ ನಡುಗಡ್ಡೆಯಾಗುತ್ತದೆ, ಆದ್ದರಿಂದ ಊರನ್ನು ಪೂರ್ತಿ ಎಬ್ಬಿಸಿರಿ ಎಂದು ಜನರೇ ಮನವಿ ಕೊಡುವ ಹಂತಕ್ಕೆ ಸಂಗತಿ ಬಂತು. ಮುಳುಗಿಸಬೇಡಿ ಎಂದು ಹೋರಾಡಿದ ಊರುಗಳು ಲೋಕದಲ್ಲಿ ಬಹಳ. ಮುಳುಗಿಸುವುದಿದ್ದರೆ ಬೇಗ ಮುಳುಗಿಸಿ ಎಂದು ನಿಯೋಗ ಒಯ್ದ ಊರು ಅಪರೂಪ.

ತಡವೇಕೆಂದರೆ, ಗೇಟಿನ ಎತ್ತರ. ಆಲಮಟ್ಟಿಗೆ 26 ಗೇಟುಗಳು. ನೀರನ್ನು 524.256 ಮೀಟರಿನವರೆಗೆ ನಿಲ್ಲಿಸುವುದು ಕರ್ನಾಟಕದ ಉದ್ದೇಶ. ಆಂಧ್ರಪ್ರದೇಶವು ಆಕ್ಷೇಪಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 2000ನೆಯ ಇಸವಿಯ ಏಪ್ರಿಲಿನಲ್ಲಿ ಸದ್ಯಕ್ಕೆ 519.6 ಮೀಟರು ಸಾಕು ಎಂಬ ತೀರ್ಪು ಬಂತು. ಆ ಎತ್ತರಕ್ಕೆ ಜಲಾಶಯದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಕೃಷ್ಣೆಯ ನೀರು ಹಂಚಲು 2004ರಲ್ಲಿ ರಚನೆಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ 524.256ಕ್ಕೆ ಒಪ್ಪಿಗೆ ಕೊಟ್ಟಿತು, 2013ರಲ್ಲಿ ತನ್ನ ಮುಂದುವರಿದ ವರದಿಯನ್ನೂ ಕೊಟ್ಟಿತು. ಆದರೆ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ತಡೆ ಕೊಟ್ಟಿದ್ದರಿಂದ, ಬಾಗಲಕೋಟೆಯನ್ನು ಮುಳುಗಿಸಲು ಈಗ ಬೇಕಾಗಿರುವುದು ಮಳೆಯಲ್ಲ, ಕೇಂದ್ರ ಸರ್ಕಾರದ ಮುದ್ರಣಾಲಯದ ಒಂದು ಹಾಳೆ. ಎತ್ತರವನ್ನು ದಶಾಂಶದ ಮೂರು ಅಂಕಿಗಳವರೆಗೆ, ಅಂದರೆ ಒಂದು ಮಿಲಿಮೀಟರೂ ಹೆಚ್ಚುಕಡಿಮೆಯಾಗದಂತೆ ಹೇಳಬಲ್ಲ ವ್ಯವಸ್ಥೆಗೆ, ದಿನಾಂಕವನ್ನು ದಶಕದ ಅಂದಾಜಿನಲ್ಲಿಯೂ ಹೇಳಲಾಗುವುದಿಲ್ಲ.

519.6 ಮತ್ತು 524.256ರ ನಡುವಿನ ಅಂತರ 4.656 ಮೀಟರು, ಅಂದರೆ ಒಂದೂವರೆ ಅಂತಸ್ತಿನ ಮನೆಯ ಎತ್ತರ. ಈ ಒಂದೂವರೆ ಅಂತಸ್ತಿನ ಮೇಲೆ ಕರ್ನಾಟಕದ ರಾಜಕಾರಣ ಕಟ್ಟಿದ ಮಹಡಿಗಳನ್ನು ಎಣಿಸಬೇಕು. ಗೇಟು ಏರಿಸುವ ಕೆಲಸವೂ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ವೆಚ್ಚ 2012ರಲ್ಲಿ 17,207 ಕೋಟಿ ರೂಪಾಯಿ ಎಂದು ಅಂದಾಜಾಯಿತು. 2013ರ ಜನವರಿಯಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ಸು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಮಾಡಿ, ಅಧಿಕಾರಕ್ಕೆ ಬಂದರೆ ಕೃಷ್ಣಾ ಕೊಳ್ಳಕ್ಕೆ ವರ್ಷಕ್ಕೆ 10,000 ಕೋಟಿ ಕೊಡುವುದಾಗಿ ಹೇಳಿತು; ಅಧಿಕಾರಕ್ಕೆ ಬಂತು. 2017ರಲ್ಲಿ ಅಂದಾಜು 51,148 ಕೋಟಿಗೆ ಏರಿತು. 2022ರ ಬಜೆಟ್ಟಿನಲ್ಲಿ ಬಿಜೆಪಿ ಸರ್ಕಾರ 5,000 ಕೋಟಿ ತೋರಿಸಿತು. ಕೋಟಿಗಳು ಬಜೆಟ್ ಪುಸ್ತಕದ ಪುಟವನ್ನು ಎಷ್ಟರಮಟ್ಟಿಗೆ ಬಿಟ್ಟಿಳಿದವೆಂಬುದನ್ನು ಮೂರನೆಯ ಗೆರೆಯವರು ಬಲ್ಲರು. ಗೇಟು ಒಂದು ಅಂಗುಲ ಏರದೆ ಖರ್ಚು ಮೂರು ಪಟ್ಟು ಏರಿದ ಈ ಸಾಧನೆಯನ್ನು ನೋಡಿದರೆ, ಆಲಮಟ್ಟಿಯಲ್ಲಿ ನೀರಿಗಿಂತ ಅಂದಾಜುಪಟ್ಟಿಯೇ ಚೆನ್ನಾಗಿ ಸಂಗ್ರಹವಾಗುತ್ತದೆ ಎನ್ನಬೇಕು. 2025ರ ಸೆಪ್ಟೆಂಬರಿನಲ್ಲಿ ಸಂಪುಟವು ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ತೀರ್ಮಾನಿಸಿತು. ಘೋಷಣೆಯಾದ ಮರುದಿನದಿಂದ ಹಿನ್ನೀರಿನ ಸುತ್ತಲಿನ ಚಹಾದಂಗಡಿಗಳಲ್ಲಿ ಒಂದೇ ಚರ್ಚೆ: ಪಕ್ಕದಲ್ಲಿ ಹೊಳೆಯೇ ನಿಂತಿರುವ ಹೊಲವನ್ನು ಒಣಭೂಮಿ ಎಂದು ಬರೆದ ತಲಾಟಿಯ ಕಣ್ಣಿಗೆ ಯಾವ ಡಾಕ್ಟರಲ್ಲಿ ತೋರಿಸಬೇಕು.

ವರ್ಷಕ್ಕೊಮ್ಮೆ ಜಲಾಶಯ ತುಂಬುತ್ತದೆ. ಆಗ ಮುಖ್ಯಮಂತ್ರಿಗಳು ಯಾರಿದ್ದರೂ, ಯಾವ ಪಕ್ಷದವರಿದ್ದರೂ, ಬಾಗಿನ ಅರ್ಪಿಸಲು ಆಲಮಟ್ಟಿಗೆ ಬರುತ್ತಾರೆ. ಮೊರ, ಸೀರೆ, ಅರಿಷಿಣ, ಕುಂಕುಮ, ಬಳೆಗಳು ಶಾಸ್ತ್ರಿ ಸಾಗರದೊಳಗೆ ಇಳಿಯುತ್ತವೆ. ಗಂಗಾಮಾತೆಗೆ ಕೊಡುವ ಈ ಬಾಗಿನವೊಂದೇ ಯಾವ ಹಂತಕ್ಕೂ ಕಾಯದೆ, ಯಾವ ಕಡತಕ್ಕೂ ಸಿಗದೆ, ಸರಿಯಾದ ಹೊತ್ತಿಗೆ ಫಲಾನುಭವಿಯ ಕೈ ಸೇರುವ ಸರ್ಕಾರಿ ಪಾವತಿ. ಅಣೆಕಟ್ಟಿನ ಕೆಳಗೆ ರಾಕ್ ಗಾರ್ಡನ್ ಇದೆ, ಸಂಗೀತ ಕಾರಂಜಿ ಇದೆ. ರವಿವಾರ ನವನಗರದ ಸಂಸಾರಗಳು ಬುತ್ತಿ ಕಟ್ಟಿಕೊಂಡು ಹೋಗಿ, ತಮ್ಮ ಅಜ್ಜನ ಮನೆಯನ್ನು ನುಂಗಿದ ನೀರು ಹಾಡಿಗೆ ತಕ್ಕಂತೆ ಕುಣಿಯುವುದನ್ನು ನೋಡಿ, ಮಕ್ಕಳಿಗೆ ಐಸ್‌ಕ್ರೀಮು ಕೊಡಿಸಿ ಬರುತ್ತಾರೆ. ಮರುದಿನ ಸೋಮವಾರ ಅದೇ ಸಂಸಾರಗಳು ನಲ್ಲಿಯ ಮುಂದೆ ಕೊಡ ಸಾಲಾಗಿಟ್ಟು, ನೀರು ಬಿಡುವ ದಿನ ಇವತ್ತೊ ನಾಳೆಯೊ ಎಂದು ನೆರೆಯವರನ್ನು ವಿಚಾರಿಸುತ್ತವೆ.

ಇಷ್ಟೆಲ್ಲ ಆದರೂ ನವನಗರದವರು ಸುಮ್ಮನೆ ಕುಳಿತ ಬಡಪಾಯಿಗಳಲ್ಲ. ಸಂತ್ರಸ್ತನೆಂಬ ಪ್ರಮಾಣಪತ್ರ ಇಲ್ಲಿ ಪಿತ್ರಾರ್ಜಿತ ಆಸ್ತಿ. ಮೂಲ ಮನೆಯಲ್ಲಿ ಒಂದು ದಿನವೂ ಮಲಗದ ಮೊಮ್ಮಗನು ಅದನ್ನು ಲ್ಯಾಮಿನೇಶನ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾನೆ. ಸಂತ್ರಸ್ತರಿಗೆಂದು ಹಂಚಿದ ನಿವೇಶನಗಳಲ್ಲಿ ಎಷ್ಟರಲ್ಲಿ ಸಂತ್ರಸ್ತರೇ ಇದ್ದಾರೆಂದು ಹುಡುಕಲು ಹೊರಟರೆ ಸಂಶೋಧಕನೇ ಸಂತ್ರಸ್ತನಾಗುತ್ತಾನೆ. ಮೂಲೆಯ ನಿವೇಶನ ಸಿಕ್ಕವನು ಅದು ತನ್ನ ಪುಣ್ಯವೆಂದೂ, ಸಿಗದವನು ಅದು ಅವನ ಬೀಗರ ಕೈವಾಡವೆಂದೂ ಇಂದಿಗೂ ನಂಬಿದ್ದಾರೆ. ನೀರಿನಿಂದ ದೂರವಿದ್ದಷ್ಟೂ ಮನೆಗೆ ಬೆಲೆ ಹೆಚ್ಚೆಂಬುದು ಲೋಕದ ಲೆಕ್ಕ, ಇಲ್ಲಿ ಹಾಗಲ್ಲ. ಮುಳುಗುವ ಮನೆಗೆ ಪರಿಹಾರವಿದೆ, ನಿವೇಶನವಿದೆ, ಕೋರ್ಟಿಗೆ ಹೋದರೆ ಹೆಚ್ಚಿನ ಪರಿಹಾರವಿದೆ. ಮುಳುಗದ ಮನೆಗೆ ಏನಿದೆ, ಬರಿಯ ಮನೆ. ಸಂಬಂಧ ಕೂಡಿಸುವ ಹಿರಿಯರು ಈ ಸತ್ಯವನ್ನು ಅರಿತಿರುವಷ್ಟು ಚೆನ್ನಾಗಿ ನ್ಯಾಯಮಂಡಳಿಯೂ ಅರಿತಿಲ್ಲ. ಅವರ ಮಾತುಕತೆಯಲ್ಲಿ ಕುಲ, ಗೋತ್ರ, ನೌಕರಿಗಳ ವಿಚಾರಣೆ ಮುಗಿದ ಮೇಲೆ ಎಲೆಅಡಿಕೆಯ ತಟ್ಟೆ ಮುಂದೆ ಸರಿಯುವ ಮುನ್ನ ಒಂದು ಪ್ರಶ್ನೆ ಬಂದೇ ಬರುತ್ತದೆ.

“ಹುಡುಗನ ಮನಿ ಎಷ್ಟನೇ ಮೀಟರಿನ್ಯಾಗ ಐತ್ರೀ?”

“ಐದನೂರಾ ಇಪ್ಪತ್ನಾಕು ಚಿಲ್ಲರ ಆಗ್ತೈತ್ರಿ, ಕಾಕಾ.”

“ಚಿಲ್ಲರ ಅಂದ್ರ ಎಷ್ಟ? ಇನ್ನೂರಾ ಐವತ್ತಾರರ ಕೆಳಗೊ, ಮ್ಯಾಲೊ?”

“ಕೆಳಗರೀ. ಸರ್ವೇದವ್ರು ಗ್ವಾಡಿಗೆ ಕೆಂಪು ಬಣ್ಣದಾಗ ಬರದು ಹೋಗ್ಯಾರ.”

“ಹಂಗಾರ ಹೂಂ ಅನ್ರೆವ್ವಾ, ಇಂಥಾ ಮನಿತನ ಮತ್ತ ಸಿಗೂದಿಲ್ಲ.”